ಇಳಿದು ಕೂರುವ ಕಾರು, ಹತ್ತಿ ಕೂರುವ ಜೀಪು

ಗಾಡಿಯ ವಿಷಯ ಬಂದರೆ ಸಾಕು, ಎಲ್ಲರೂ ಎಂಜಿನ್ನಿನ ಮಾತನ್ನೇ ಆಡುತ್ತಾರೆ. ಎಷ್ಟು ವೇಗ, ಎಷ್ಟು ಮೈಲೇಜು, ಏರಿನಲ್ಲಿ ಎಷ್ಟು ಎಳೆಯುತ್ತದೆ ಎಂದು ಗಂಟೆಗಟ್ಟಲೆ ಹರಟುತ್ತಾರೆ. ಅಷ್ಟು ಹೊತ್ತೂ ತಾವು ಕೂತಿರುವುದು ಯಾವುದರ ಮೇಲೆ ಎಂದು ಒಬ್ಬರೂ ಯೋಚಿಸುವುದಿಲ್ಲ. ಯಾರೂ ಯೋಚಿಸದ ಆ ಕೆಲಸವನ್ನು ನಾನು ಮೂವತ್ತೈದು ವರ್ಷ ಮಾಡಿದೆ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಹತ್ತಡಿ ಅಗಲದ ಅಂಗಡಿಯಲ್ಲಿ ಗಾಡಿಗಳ ಸೀಟು ಕಟ್ಟುತ್ತಿದ್ದೆ. ಮೇಲೆ ಹೊದಿಸುವ ಬಟ್ಟೆಯ ಟಾಪು ಹೊಲಿಯುತ್ತಿದ್ದೆ. ನಮ್ಮವರ ಬಾಯಲ್ಲಿ ಅದು ಕುಷನ್ ಕೆಲಸ. ಈಗ ಈ ಕೆಲಸಕ್ಕೆ ಬರುವವರು ಜೆ.ಸಿ. ರಸ್ತೆಯಿಂದ ಸಿದ್ಧ ಕವರು ತಂದು, ದಿಂಬಿಗೆ ಗವುಸು ತೊಡಿಸಿದ ಹಾಗೆ ತೊಡಿಸಿ, ಮೇಸ್ತ್ರಿ ಅನ್ನಿಸಿಕೊಳ್ಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೆಲಸ ನಿಜವಾಗಿ ಹೇಗಿತ್ತು ಎಂದು ಒಬ್ಬರಾದರೂ ಬರೆದಿಡಬೇಕಲ್ಲ ಎಂದು ಕೂತಿದ್ದೇನೆ.

ನನ್ನನ್ನು ಕಂಡವರು ಈಗಲೂ ಕೇಳುವ ಪ್ರಶ್ನೆ ಒಂದಿದೆ. "ನೀವು ಎರಡೂ ನೋಡಿದೀರಲ್ಲ, ಹಳೇ ಸ್ಪೋರ್ಟ್ಸ್ ಕಾರು ಮೇಲೋ, ಹಳೇ ಜೀಪು ಮೇಲೋ?" ನನ್ನ ಉತ್ತರ ಸೀಟಿನಿಂದಲೇ ಶುರುವಾಗುತ್ತದೆ. ಕಾರಿಗೆ ಇಳಿಯಬೇಕು, ಜೀಪಿಗೆ ಹತ್ತಬೇಕು. ಸ್ಪೋರ್ಟ್ಸ್ ಕಾರು ಹೊಸ ಅಳಿಯನ ಹಾಗೆ. ಕೂರಿಸುವುದಕ್ಕೆ ಒಂದು ಕ್ರಮ, ಏಳಿಸುವುದಕ್ಕೆ ಒಂದು ಕ್ರಮ, ಸ್ವಲ್ಪ ಹೆಚ್ಚುಕಮ್ಮಿಯಾದರೂ ಮುಖ ಊದಿಸಿಕೊಳ್ಳುತ್ತದೆ. ಜೀಪು ಸೋದರಮಾವ; ಜಗಲಿಯಲ್ಲಿ ಕೂರಿಸಿದರೂ ಸರಿ, ಹಿತ್ತಲಿನಲ್ಲಿ ಕೂರಿಸಿದರೂ ಸರಿ, ಇದ್ದದ್ದನ್ನು ಉಂಡು ಹೋಗುತ್ತದೆ. ಅಳಿಯ ಮೇಲೋ ಮಾವ ಮೇಲೋ ಎಂದು ಯಾರಾದರೂ ಕೇಳುತ್ತಾರೆಯೇ? ಮನೆಗೆ ಇಬ್ಬರೂ ಬೇಕು. ಇದನ್ನು ನಾನು ಬಸವನಗುಡಿಯ ಒಂದು ಮನೆಯಿಂದ ಕಲಿತೆ. ಅದಕ್ಕೂ ಮೊದಲು ನನ್ನ ಗುರುಗಳ ಬಗ್ಗೆ ನಾಲ್ಕು ಮಾತು ಹೇಳಬೇಕು.

ಗುರುಗಳು ದಸ್ತಗೀರ್ ಸಾಬರು. ಅಂಗಡಿ ಅವರದು, ಅವರ ಕೈ ನಡುಗಲು ಶುರುವಾದ ಮೇಲೆ ನನಗೆ ಬಿಟ್ಟುಕೊಟ್ಟರು. ಬೆಳಗ್ಗೆ ಕತ್ತರಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು ಕೆಲಸ ಶುರುಮಾಡುತ್ತಿದ್ದರು. ಹೊಲಿಗೆ ಒಂದು ನೂಲು ಆಚೀಚೆಯಾದರೂ ಇಡೀ ಬಿಚ್ಚಿಸುತ್ತಿದ್ದರು. ಹೊಗಳಿದ್ದನ್ನು ನಾನು ಕೇಳಿಲ್ಲ. ತುಂಬ ಚೆನ್ನಾಗಿದ್ದರೆ "ಹೂಂ" ಎನ್ನುತ್ತಿದ್ದರು, ಅಷ್ಟೇ. ಆ ಒಂದು "ಹೂಂ" ಸಿಕ್ಕ ದಿನ ನಾನು ಮನೆಗೆ ನಡೆದು ಹೋಗುತ್ತಿರಲಿಲ್ಲ, ಹಾರಿಕೊಂಡು ಹೋಗುತ್ತಿದ್ದೆ.

ಅಂಗಡಿಯ ಮೂಲೆಯಲ್ಲಿ ಅವರದೊಂದು ಮರಳಿನ ಮೂಟೆ ಇತ್ತು. ಗೋಣಿಚೀಲಕ್ಕೆ ಅರ್ಧ ಮರಳು ತುಂಬಿ, ಅಡ್ಡ ಮಲಗಿಸಿ, ತಗ್ಗಾದ ಮರದ ಪೀಠದ ಮೇಲೆ ಹರಡಿರುತ್ತಿದ್ದರು. ಯಾರಾದರೂ ಸೀಟು ಕಟ್ಟಿಸಲು ಬಂದರೆ ಮೊದಲು ಮರಳಿಗೆ ನೀರು ಚಿಮುಕಿಸಿ, ಮೇಲೊಂದು ತೆಳು ಬಟ್ಟೆ ಹಾಸಿ, ಗಾಡಿಯ ಮಾಲೀಕರನ್ನು ಅದರ ಮೇಲೆ ಕೂರಿಸುತ್ತಿದ್ದರು. ಸ್ಟೀರಿಂಗ್ ಹಿಡಿದ ಹಾಗೆ ಕೈ ಚಾಚಿಸಿ, ಪೆಡಲು ಒತ್ತಿದ ಹಾಗೆ ಕಾಲು ಚಾಚಿಸಿ, ಒಂದು ಬೀಡಿ ಮುಗಿಯುವಷ್ಟು ಹೊತ್ತು ಕೂರಿಸಿ, "ಏಳಿ" ಎನ್ನುತ್ತಿದ್ದರು. ಮರಳಿನಲ್ಲಿ ಮೂಡಿದ ಗುರುತನ್ನು ನೋಡಿ ಮನುಷ್ಯ ಯಾವ ಕಡೆ ಭಾರ ಹಾಕುತ್ತಾನೆ, ಎಲ್ಲಿ ನೋವಿದೆ ಎಂದು ಹೇಳಿಬಿಡುತ್ತಿದ್ದರು. ಹೊಸದರಲ್ಲಿ ನಾನೊಮ್ಮೆ ಬರೀ ಗಾಡಿಯ ಅಳತೆ ತೆಗೆದುಕೊಂಡು ಬಂದು ನಿಂತಾಗ ಅಡಿಕೋಲಿನಿಂದ ಮೇಜು ಕುಟ್ಟಿ ಕೇಳಿದ್ದರು: "ಏನೋ ನಂಜುಂಡಿ, ಗಾಡಿಗೆ ಸೊಂಟ ಇದೆಯೇನೋ? ಸೊಂಟ ಇರೋದು ಕೂರೋನಿಗೆ. ಹೋಗು, ಅವನ್ನ ಕರ್ಕೊಂಡು ಬಾ."

ಗುರುಗಳು ಹೋದ ಮೇಲೆ ಕಾಲವೂ ಬದಲಾಯಿತು. ಅವರ ಕಾಲದಲ್ಲಿ ಸೀಟಿನ ಒಳಗೆ ತೆಂಗಿನ ನಾರು, ಸ್ಪ್ರಿಂಗು. ನಾರನ್ನು ಕೈಯಲ್ಲಿ ಬಿಡಿಸಿ, ಪದರ ಪದರವಾಗಿ ಕೂರಿಸಿ, ಉದ್ದ ಸೂಜಿಯಲ್ಲಿ ಬಿಗಿಯಬೇಕಿತ್ತು. ತೊಂಬತ್ತರ ದಶಕ ಬರುವಷ್ಟರಲ್ಲಿ ಎಲ್ಲ ಕಡೆ ಫೋಮು. ಕತ್ತರಿಸು, ಅಂಟಿಸು, ಮುಚ್ಚು. ಮೂರು ದಿನದ ಕೆಲಸ ಮೂರು ಗಂಟೆಗೆ ಇಳಿಯಿತು. ಫೋಮು ಯಾರು ಕೂತರೂ ತಗ್ಗುತ್ತದೆ, ಹಾಗಾಗಿ ಯಾರ ಅಳತೆಯೂ ಬೇಡ ಎಂದುಕೊಂಡೆವು. ಮರಳಿನ ಮೂಟೆಯ ಮೇಲೆ ನಾನೇ ರೆಕ್ಸಿನ್ ಸುರುಳಿಗಳನ್ನು ಪೇರಿಸಿಟ್ಟೆ. ಉಳಿದಿದ್ದ ನಾರನ್ನು ಅಟ್ಟಕ್ಕೆ ಹಾಕಿದೆ.

ಕೆಂಪಣ್ಣನವರು ನನಗೆ ಪರಿಚಯವಾದದ್ದು ನಾನು ಮಾಡಿದ ತಪ್ಪಿನಿಂದಲೇ. ಅವರದು ಬಸವನಗುಡಿಯಲ್ಲಿ ಮನೆ, ಕನಕಪುರ ರಸ್ತೆಯ ಆಚೆ ತೋಟ. ಅಲ್ಲಿಂದ ಕೋಸು, ಬೀನ್ಸು, ಕೊತ್ತಂಬರಿ ಸೊಪ್ಪನ್ನು ತಮ್ಮ ಹಳೆಯ ಜೀಪಿನಲ್ಲಿ ಹೇರಿಕೊಂಡು ಕಲಾಸಿಪಾಳ್ಯದ ಮಾರುಕಟ್ಟೆಗೆ ತರುತ್ತಿದ್ದರು. ಮಿಲಿಟರಿ ಹರಾಜಿನಲ್ಲಿ ಅವರ ತಂದೆ ಕೊಂಡ ಜೀಪು ಅದು. ಬಾಗಿಲಿಲ್ಲ, ಬಾಗಿಲಿನ ಜಾಗದಲ್ಲಿ ಅಡ್ಡಲಾಗಿ ಸಿಕ್ಕಿಸುವ ದಪ್ಪ ನೇಯ್ಗೆಯ ಒಂದು ಪಟ್ಟಿ, ಅಷ್ಟೇ. ಅದಕ್ಕೆ ನಾನು ಕ್ಯಾನ್ವಾಸಿನ ಹೊಸ ಟಾಪು ಹೊಲಿದುಕೊಟ್ಟೆ. ಕ್ಯಾನ್ವಾಸನ್ನು ಎರಡು ದಿನ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಕತ್ತರಿಸಬೇಕು. ನಾನು ಅವಸರಕ್ಕೆ ನೆನೆಹಾಕಲಿಲ್ಲ. ಮೊದಲ ಮಳೆಗೇ ಟಾಪು ಕುಗ್ಗಿ ಕೊಕ್ಕೆಗಳು ನಾಲ್ಕು ಬೆರಳು ದೂರ ಉಳಿದವು. ಕೆಂಪಣ್ಣನವರು ನೆಂದು ತೊಪ್ಪೆಯಾಗಿ ಅಂಗಡಿಗೆ ಬಂದರು. ಆಳು ದಪ್ಪ, ದನಿಯೂ ದಪ್ಪ.

"ಮೇಸ್ತ್ರಿ, ಬನ್ನಿ ಇಲ್ಲಿ. ನನ್ನ ಹೊಟ್ಟೆ ನೋಡಿ, ಶರ್ಟಿನ ಗುಂಡಿ ಸೇರ್ತಾ ಇದೆಯಾ? ಇಲ್ಲ ತಾನೆ? ನಿಮ್ಮ ಟಾಪೂ ಹಂಗೇ ಆಗಿದೆ."

ನಾನು ತಲೆ ತಗ್ಗಿಸಿ, ಹೊಸ ಬಟ್ಟೆ ತಂದು, ನೆನೆಹಾಕಿ, ಇನ್ನೊಂದು ಹೊಲಿದುಕೊಟ್ಟೆ. ಬೈದವರೇ ಖಾಯಂ ಗಿರಾಕಿಯಾದರು. ಒಂದು ದಿನ ತಮ್ಮ ಅಕ್ಕನ ಕಾರನ್ನೂ ತಂದರು. ಅಕ್ಕ ಡಾಕ್ಟರ್ ಸರೋಜಮ್ಮ, ಬಸವನಗುಡಿಯಲ್ಲಿ ನಲವತ್ತು ವರ್ಷ ಹೆರಿಗೆ ಮಾಡಿಸಿದವರು. ನಮ್ಮ ಬೀದಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಎಲ್ಲರಿಗೂ ಅವರು ಡಾಕ್ಟರಮ್ಮ. ಅವರ ಕಾರನ್ನು ನೋಡಿದ ದಿನ ನಾನು ಊಟ ಮರೆತೆ. ಎರಡೇ ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು, ಕಡು ಹಸಿರು, ಸೈಕಲ್ಲಿಗಿರುವಂತೆ ತಂತಿ ಕಡ್ಡಿಯ ಚಕ್ರ. ಮಡಿಸಿ ಹಿಂದಕ್ಕೆ ತಳ್ಳುವ ಟಾಪು. ನಿಂತರೆ ಅದರ ಬಾಗಿಲು ನನ್ನ ತೊಡೆಯ ಎತ್ತರಕ್ಕೂ ಬರುತ್ತಿರಲಿಲ್ಲ. ದೇಶ ಬಿಟ್ಟು ಹೊರಟ ಯಾರೋ ದೊರೆಯಿಂದ ಇವರ ತಂದೆ ಅದನ್ನು ಕೊಂಡಿದ್ದರಂತೆ. ತೀರಿಕೊಳ್ಳುವ ಮುಂಚೆ ಮಗಳಿಗೆ ಕಾರು, ಮಗನಿಗೆ ಜೀಪು ಎಂದು ಹೇಳಿ ಹೋಗಿದ್ದರು. ಅವತ್ತಿನಿಂದ ಅಕ್ಕತಮ್ಮಂದಿರಿಗೆ ಒಂದೇ ಜಗಳ.

"ಅಕ್ಕ, ನಿನ್ನ ಗಾಡಿಗೆ ಒಂದು ಮೂಟೆ ಕೋಸು ಹಾಕು ನೋಡೋಣ."

"ನಿನ್ನ ಗಾಡೀಲಿ ಒಂದು ಲೋಟ ಕಾಫಿ ಚೆಲ್ಲದೆ ಗಾಂಧಿ ಬಜಾರು ಮುಟ್ಟು ನೋಡೋಣ."

ಕಾರಿನ ಟಾಪು ಹೊಲಿಯುವಾಗ ನಾನು ಎಚ್ಚರವಾಗಿದ್ದೆ. ಅದು ರೆಕ್ಸಿನ್, ಅದಕ್ಕೆ ನೀರಲ್ಲ, ಬಿಸಿಲು ಮುಖ್ಯ. ಬಿಸಿಲಿನಲ್ಲಿ ಹಿಗ್ಗುತ್ತದೆ, ಚಳಿಯಲ್ಲಿ ಕುಗ್ಗುತ್ತದೆ. ನಡುಹಗಲು ಎಳೆದು ನೋಡಿ, ಬೆಳಗಿನ ಚಳಿಯಲ್ಲಿ ಮತ್ತೊಮ್ಮೆ ಎಳೆದು ನೋಡಿ, ಎರಡರ ನಡುವೆ ಕತ್ತರಿಸಬೇಕು. ಹೊಲಿದು ಮುಗಿಸಿದಾಗ ಒಂದು ಸುಕ್ಕಿರಲಿಲ್ಲ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿ, "ಹೊಲಿಗೆ ಚೆನ್ನಾಗಿದೆ ಕಣಪ್ಪ. ನಾನೂ ಹೊಲಿಗೆ ಹಾಕೋಳೇ, ನಂಗೆ ಗೊತ್ತಾಗುತ್ತೆ" ಎಂದರು. ಗುರುಗಳ "ಹೂಂ" ಆದ ಮೇಲೆ ನನಗೆ ಸಿಕ್ಕ ದೊಡ್ಡ ಬಿರುದು ಅದು.

ಇದರ ನಡುವೆ ನಗು ತರಿಸುವ ಕೆಲಸಗಳೂ ಬರುತ್ತಿದ್ದವು. ಗಾಂಧಿನಗರದಿಂದ ಸಿನಿಮಾದವರೊಬ್ಬರು ಬಂದು ಜೀಪಿನ ಸೀಟು ಕಟ್ಟಿಸಿದರು. ಮೂರು ದಿನ ಕೂತು ಚೆಂದ ಮಾಡಿಕೊಟ್ಟರೆ, "ಸೂಪರ್ ಗುರುವೇ, ಈಗ ಇದನ್ನ ಅಲ್ಲಲ್ಲಿ ಹರಿದುಬಿಡಿ, ವಿಲನ್ ಜೀಪು ಇದು" ಎಂದರು. ನನ್ನ ಕೈಯಾರೆ ಹರಿಯಲು ಆಗಲಿಲ್ಲ. ಬ್ಲೇಡು ಅವರ ಕೈಗೇ ಕೊಟ್ಟು, ಬೀದಿ ಕೊನೆಯವರೆಗೆ ಹೋಗಿ ಟೀ ಕುಡಿದು ಬಂದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಡಾಕ್ಟರಮ್ಮನಿಗೆ ಅರವತ್ತೈದು ದಾಟಿತ್ತು. ಬಲ ಸೊಂಟದ ಕೀಲು ಸವೆದಿತ್ತು. ಕಾರು ಓಡಿಸುವುದಕ್ಕೆ ತೊಂದರೆಯಿರಲಿಲ್ಲ. ಕೂತ ಮೇಲೆ ಅವರೇ ರಾಣಿ. ತೊಂದರೆ ಇದ್ದದ್ದು ಏಳುವುದರಲ್ಲಿ. ಒಂದು ಸಂಜೆ ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಿ ಇಳಿಯಲು ಹೋದವರು ಏಳಲಾಗದೆ ಅಲ್ಲೇ ಉಳಿದರು. ಹೂ ಮಾರುವ ಇಬ್ಬರು ಹೆಂಗಸರು ಬಂದು ಆಚೆಗೊಬ್ಬರು ಈಚೆಗೊಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. ಸುತ್ತ ಜನ ಸೇರಿತ್ತು. ಸುದ್ದಿ ಅವರು ಮನೆ ಸೇರುವ ಮುಂಚೆಯೇ ಕೆಂಪಣ್ಣನವರ ಕಿವಿಗೆ ಬಿದ್ದಿತ್ತು.

ಮರುದಿನ ಬೆಳಗ್ಗೆ ಕಾರು ನನ್ನ ಅಂಗಡಿಯ ಮುಂದೆ ನಿಂತಿತು. ಅದರ ಹಿಂದೆಯೇ ಜೀಪು. ಕೆಂಪಣ್ಣನವರು ಕಾರಿನ ಬಾಗಿಲು ತೆಗೆದು ಕೈ ಚಾಚಿದರು. ಡಾಕ್ಟರಮ್ಮ ಆ ಕೈಯನ್ನು ಒಂದು ಕ್ಷಣ ನೋಡಿ, ಬೇರೆ ದಾರಿಯಿಲ್ಲದೆ ಹಿಡಿದು ಎದ್ದರು.

"ಮೇಸ್ತ್ರಿ, ನೀವೇ ಹೇಳಿ" ಎಂದು ಕೆಂಪಣ್ಣನವರು ಶುರುಮಾಡಿದರು. "ಮಲ್ಲೇಶ್ವರದಲ್ಲಿ ಒಬ್ರು ಹೋಟೆಲಿನವರಿದಾರೆ, ಹಳೇ ಗಾಡಿ ಅಂದ್ರೆ ಪ್ರಾಣ. ಚೆನ್ನಾಗಿ ಇಟ್ಕೋತಾರೆ. ಕೊಟ್ಬಿಡು ಅಂದ್ರೆ ಕೇಳಲ್ಲ ಇವ್ಳು. ನಿನ್ನೆ ಬಜಾರಲ್ಲಿ ಸಿಕ್ಕಾಕೊಂಡ್ಲು, ನಾಳೆ ಟ್ರಾಫಿಕ್ ಮಧ್ಯೆ ಏನಾದ್ರೂ ಆದ್ರೆ? ಬೇಗ ಇಳೀಬೇಕು ಅಂದ್ರೆ ಏನ್ ಮಾಡ್ತಾಳೆ?"

"ಕೆಂಪ, ಬಾಯಿ ಮುಚ್ಚು" ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಕಡೆ ತಿರುಗಿದರು. "ನಂಜುಂಡಿ, ಆ ಹೋಟೆಲಿನವರು ಬರೋ ಬುಧವಾರ ಗಾಡಿ ನೋಡೋಕೆ ಬರ್ತಾರೆ. ಅವರ ಮುಂದೆ, ಇವನ ಮುಂದೆ, ಯಾರ ಕೈಯೂ ಹಿಡೀದೆ ನಾನು ಕೂತು ಎದ್ದು ತೋರಿಸ್ತೀನಿ. ಎದ್ರೆ ಗಾಡಿ ನಂದು. ಆಗ್ಲಿಲ್ಲ ಅಂದ್ರೆ ಕೀ ಅವರಿಗೆ. ಇವನಿಗೆ ಮಾತು ಕೊಟ್ಟಿದೀನಿ. ಸೀಟಿಗೆ ಏನ್ ಮಾಡ್ಬೇಕೋ ಮಾಡು."

ದನಿ ಗಟ್ಟಿಯಾಗಿತ್ತು. ಆದರೆ ಕಾರಿನ ಬಾಗಿಲ ಮೇಲಿಟ್ಟ ಕೈ ಅಲ್ಲಿಂದ ಕದಲಲಿಲ್ಲ. ಹುಡುಗಿಯರು ಸೈಕಲ್ ಹತ್ತಿದರೂ ಬೀದಿಯೆಲ್ಲ ನೋಡುತ್ತಿದ್ದ ಕಾಲದಲ್ಲಿ ಅವರ ತಂದೆ ಅವರಿಗೆ ಡ್ರೈವಿಂಗ್ ಕಲಿಸಿದ್ದು ಅದೇ ಕಾರಿನಲ್ಲಿ. ಎಷ್ಟೋ ಹೆರಿಗೆಗಳಿಗೆ ಅವರು ಓಡಿದ್ದು ಅದೇ ಕಾರಿನಲ್ಲಿ. ಅದನ್ನು ಬಿಟ್ಟುಕೊಡುವುದೆಂದರೆ ಏನೆಂದು ನನಗೆ ಅರ್ಥವಾಗುತ್ತಿತ್ತು.

ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಇಂಥ ಕೆಲಸಕ್ಕೆ ಮರಳಿನ ಮೂಟೆಯೇ ಆಗಬೇಕು ಎಂದು ಆಗಲೇ ತಲೆಗೆ ಹೊಳೆದಿತ್ತು. ರೆಕ್ಸಿನ್ ಸುರುಳಿಗಳನ್ನೂ ಇಳಿಸಿದೆ. ಆದರೆ ಮೂಟೆಯ ಮುಂದೆ ನಿಂತು ನಾಲಗೆ ಕಟ್ಟಿಕೊಂಡಿತು. ಅಷ್ಟು ದೊಡ್ಡ ಡಾಕ್ಟರು, ಹಿರಿಯ ಹೆಂಗಸು, ಮೈಮೇಲೆ ಇಸ್ತ್ರಿ ಮಾಡಿದ ಸೀರೆ. ಬೀದಿಗೆ ತೆರೆದ ಅಂಗಡಿಯಲ್ಲಿ ಹೋಗಿಬರುವವರ ಕಣ್ಣೆದುರು ಒದ್ದೆ ಮರಳಿನ ಮೇಲೆ ಕೂರಿ, ಏಳಿ, ಗುರುತು ನೋಡುತ್ತೇನೆ ಎಂದು ನಾನು ಹೇಗೆ ಹೇಳಲಿ? ಹೇಳಿದರೆ ಮರ್ಯಾದೆ ಏನಾದೀತು? ಗುರುಗಳೂ ಹೆಂಗಸರನ್ನು ಕೂರಿಸಿದ್ದನ್ನು ನಾನು ಕಂಡಿರಲಿಲ್ಲ. ಡಾಕ್ಟರಮ್ಮ ಆಟೋ ಹಿಡಿದು ಮನೆಗೆ ಹೊರಟ ಮೇಲೆ, ಜೀಪಿಗೆ ಪೆಟ್ರೋಲು ಹಾಕಿಸಿಕೊಂಡು ಮತ್ತೆ ನನ್ನ ಕಡೆ ಬಂದ ಕೆಂಪಣ್ಣನವರನ್ನು ಕರೆದೆ.

"ಅಣ್ಣ, ಸ್ವಲ್ಪ ಇದ್ರ ಮೇಲೆ ಕೂತ್ಕೋತೀರಾ?"

ಒಂದೇ ಮನೆಯವರು, ಮೈಕಟ್ಟು ಒಂದೇ ಥರ ಇರುತ್ತದೆ ಎಂದು ನನ್ನ ಲೆಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಅದನ್ನೇ ನಾನು ಮಾಡಿದೆ. ಕೆಂಪಣ್ಣನವರು ಜೀಪಿನಲ್ಲಿ ಕೂರುವ ಹಾಗೆ ಮೊಣಕಾಲು ಮಡಿಸಿ ನೆಟ್ಟಗೆ ಕೂತರು. ನಾನು ಅಳತೆ ತೆಗೆದುಕೊಂಡೆ. ಏಳುವುದು ಸುಲಭವಾಗಲಿ ಎಂದು ನಾಲ್ಕು ಇಂಚು ಎತ್ತರಿಸಿ, ಒಳ್ಳೆಯ ಮೆತ್ತನೆಯ ಫೋಮು ಹಾಕಿ, ಮೇಲೆ ಕಂದು ಬಣ್ಣದ ಚರ್ಮ ಹೊದಿಸಿದೆ. ನೋಡಲು ಸಿಂಹಾಸನದ ಹಾಗಿತ್ತು.

ಭಾನುವಾರ ಅಕ್ಕತಮ್ಮ ಇಬ್ಬರೂ ಬಂದರು. ಡಾಕ್ಟರಮ್ಮ ಕೂತರು. ಸ್ಟೀರಿಂಗು ತೊಡೆಗೆ ಒತ್ತಿತು. ತಲೆ ಟಾಪಿಗೆ ತಗುಲಿ ತುರುಬು ಚಪ್ಪಟೆಯಾಯಿತು. ಕಾಲು ಪೆಡಲಿನಿಂದ ಒಂದು ಗೇಣು ದೂರ. ಏಳಲೆಂದು ಬಾಗಿಲ ಕಡೆ ಸರಿದರೆ ಫೋಮಿನ ಅಂಚು ಕುಸಿದು, ಅವರು ಮೊದಲಿಗಿಂತ ಕೆಳಗೆ ಹೋಗಿ ಸಿಕ್ಕಿಕೊಂಡರು. ಕೆಂಪಣ್ಣನವರೂ ನಾನೂ ಸೇರಿ ಎಬ್ಬಿಸಬೇಕಾಯಿತು. ಆಮೇಲೆ ಕೆಂಪಣ್ಣನವರು ಕೂತು ನೋಡಿ, "ನಂಗೇನೋ ಸರಿಯಾಗೇ ಇದೆಯಲ್ಲ ಅಕ್ಕ. ಅರಮನೆ ಇದ್ದಂಗಿದೆ" ಎಂದುಬಿಟ್ಟರು.

ಡಾಕ್ಟರಮ್ಮ ತಮ್ಮನನ್ನು ನೋಡಿದರು, ಸೀಟನ್ನು ನೋಡಿದರು, ನನ್ನನ್ನು ನೋಡಿದರು.

"ನಂಜುಂಡಿ, ಯಾರ ಅಳತೆ ತಗೊಂಡೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮರಳಿನ ಮೂಟೆಯ ವಿಷಯ, ನನ್ನ ಸಂಕೋಚ, ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದರು:

"ಅಲ್ಲ ಕಣಪ್ಪ, ನಾನು ನಲವತ್ತು ವರ್ಷ ನಿನ್ನ ಹಂಗೆ ನಾಚ್ಕೊಂಡು, ಹೆಂಡ್ತಿ ಬದ್ಲು ಗಂಡನ್ನ ಪರೀಕ್ಷೆ ಮಾಡಿದ್ರೆ, ಈ ಬೀದೀಲಿ ಒಂದು ಮಗು ಹುಟ್ತಿತ್ತಾ?"

ಪಕ್ಕದ ಸೈಕಲ್ ಅಂಗಡಿಯವನು ಜೋರಾಗಿ ನಕ್ಕ. ನನ್ನ ಕಿವಿ ಕೆಂಪಾಯಿತು. ಡಾಕ್ಟರಮ್ಮ ಅಷ್ಟರಲ್ಲಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಅಂಗಡಿಯೊಳಗೆ ಬಂದು, ಮೂಟೆಯ ಮುಂದೆ ನಿಂತಿದ್ದರು. "ನೀರು ಹಾಕು. ಎಲ್ಲಿಗೆ ಕಾಲು ಚಾಚ್ಬೇಕು ಹೇಳು."

ನಾನು ನೀರು ಚಿಮುಕಿಸಿ, ಬಟ್ಟೆ ಹಾಸಿದೆ. ಅವರು ಕೂತರು. ಬೀದಿಯಲ್ಲಿ ಹೋಗುವವರು ನೋಡಿದರು. ಅವರು ತಿರುಗಿಯೂ ನೋಡಲಿಲ್ಲ. ಅವರು ಎದ್ದ ಮೇಲೆ ಬಟ್ಟೆ ತೆಗೆದು ನೋಡಿದಾಗ ನನಗೆ ಗುರುಗಳ ಅಡಿಕೋಲು ತಲೆಗೆ ಬಡಿದ ಹಾಗಾಯಿತು. ಎಡಗಡೆ ಗುರುತು ಆಳವಾಗಿತ್ತು, ಬಲಗಡೆ ಸುಮ್ಮನೆ ಸವರಿದ ಹಾಗಿತ್ತು. ನೋಯುವ ಬಲ ಸೊಂಟವನ್ನು ಉಳಿಸಿಕೊಂಡು ಅವರು ಎಡಕ್ಕೇ ಭಾರ ಹಾಕಿ ಕೂರುತ್ತಿದ್ದರು. ಕಾರಿನ ಬಾಗಿಲು ಇರುವುದು ಬಲಕ್ಕೆ. ಏಳುವಾಗ ಇಡೀ ಭಾರ ಬಲದ ಅಂಚಿಗೆ ಬಂದೇ ಬರಬೇಕು. ಆ ಅಂಚು ಮೆತ್ತಗಿದ್ದರೆ ನೋವಿನ ಕಡೆಗೇ ಕುಸಿಯುತ್ತಾರೆ. ಹಾಗಾದರೆ ಬೇಕಾದದ್ದು ಎತ್ತರವಲ್ಲ. ಜಗಲಿಕಟ್ಟೆಯ ಅಂಚಿನಿಂದ ಎದ್ದ ಹಾಗೆ ಏಳುವಂಥ ಗಟ್ಟಿ ಅಂಚು ಬೇಕು. ಜೀಪಿನಲ್ಲಿ ಆ ಕಷ್ಟವೇ ಇಲ್ಲ. ಜಾರಿದರೆ ಕಾಲು ತಾನೇ ನೆಲ ಮುಟ್ಟುತ್ತದೆ. ನಾನು ಜೀಪಿನ ಔಷಧಿಯನ್ನು ಕಾರಿಗೆ ಕುಡಿಸಿದ್ದೆ.

ಅಟ್ಟ ಹತ್ತಿ ಗುರುಗಳ ಕಾಲದ ನಾರನ್ನು ಇಳಿಸಿದೆ. ಧೂಳು ಕೊಡವಿ ಬಿಡಿಸುತ್ತ ಕೂತರೆ ಬೆರಳುಗಳಿಗೆ ಹಳೆಯದೆಲ್ಲ ನೆನಪಾಯಿತು. ಎತ್ತರವನ್ನು ಮೊದಲಿನಷ್ಟಕ್ಕೇ ಇಳಿಸಿದೆ. ಎಡಕ್ಕೆ ಭಾರ ಕೂರುವಲ್ಲಿ ಸ್ವಲ್ಪ ತಗ್ಗು ಮಾಡಿ ಮೆತ್ತನೆಯ ಫೋಮು ಕೊಟ್ಟೆ. ಬಲದ ಅಂಚಿಗೆ ನಾರನ್ನು ಪದರದ ಮೇಲೆ ಪದರ ಕೂರಿಸಿ, ಉದ್ದ ಸೂಜಿಯಲ್ಲಿ ಬಿಗಿದು, ಬೆರಳಿನಿಂದ ಒತ್ತಿದರೆ ಮರದ ಹಾಗೆ ನಿಲ್ಲುವಂತೆ ಮಾಡಿದೆ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹೆಬ್ಬೆರಳಿನ ತುದಿ ಒಡೆದು ರಕ್ತ ಬಂತು. ಆ ನೋವಿನಲ್ಲೂ ಒಂದು ಖುಷಿಯಿತ್ತು, ಅದನ್ನು ಹೇಗೆ ಹೇಳುವುದೋ ತಿಳಿಯದು.

ಮಂಗಳವಾರ ಸಂಜೆ ಅವರು ಮತ್ತೆ ಬಂದರು. ಡಾಕ್ಟರಮ್ಮ ಕೂತರು. ಸ್ಟೀರಿಂಗು ಸರಿ, ಪೆಡಲು ಸರಿ. ಕಾಲುಗಳನ್ನು ಹೊರಕ್ಕೆ ತಿರುಗಿಸಿ ಅಂಚಿಗೆ ಸರಿದರು. ಅಂಚು ಕುಸಿಯಲಿಲ್ಲ. ಎದ್ದರು, ಮುಕ್ಕಾಲು ಎದ್ದರು, ಅಲ್ಲಿಗೆ ನಿಂತುಹೋಯಿತು. ಇನ್ನೊಂದು ಗೇಣು ಮೇಲಕ್ಕೆ ಎಳೆದುಕೊಳ್ಳಲು ಹಿಡಿಯುವುದಕ್ಕೆ ಏನೂ ಇಲ್ಲ. ಬಾಗಿಲು ಹಿಡಿದರೆ ತೂಗಾಡುತ್ತದೆ. ಟಾಪು ಮಡಿಸಿದ್ದರಿಂದ ಮೇಲೆ ಆಕಾಶ. ಮತ್ತೆ ಕೂತುಬಿಟ್ಟರು. ಮೂರು ಸಲ ಪ್ರಯತ್ನಿಸಿದರು, ಮೂರು ಸಲವೂ ಅಷ್ಟೇ. ನಾಲ್ಕನೆಯ ಸಲ ಏಳಲು ಹೋಗಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಸುಮ್ಮನೆ ಮುಂದೆ ನೋಡುತ್ತ ಕೂತರು.

"ಇರ್ಲಿ ಬಿಡು ನಂಜುಂಡಿ" ಎಂದರು. "ನಿನ್ನ ಕೆಲಸದಲ್ಲಿ ಏನೂ ಕೊರತೆ ಇಲ್ಲ."

ಕೆಂಪಣ್ಣನವರು ಜೀಪಿಗೆ ಒರಗಿ ನಿಂತಿದ್ದರು. ಗೆದ್ದವರು ಅವರು, ಆದರೆ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಅವರ ಕೈ ಅಭ್ಯಾಸಬಲದಿಂದ ಜೀಪಿನ ಎಡಬದಿಯ ಪಟ್ಟಿಯನ್ನು ಹಿಡಿದಿತ್ತು. ಸ್ವಲ್ಪ ಹೊತ್ತು ಆ ಪಟ್ಟಿಯನ್ನೇ ನೋಡಿದರು. ಆಮೇಲೆ ಕೊಕ್ಕೆ ಬಿಚ್ಚಿ, ಪಟ್ಟಿಯನ್ನು ಕೈಗೆ ಸುತ್ತಿಕೊಂಡು ತಂದು ನನ್ನ ಮುಂದೆ ಹಿಡಿದರು.

"ಮೇಸ್ತ್ರಿ, ಇದನ್ನ ಎಲ್ಲಾದ್ರೂ ಕಟ್ಟೋಕಾಗುತ್ತಾ ನೋಡಿ."

"ಕೆಂಪ, ಅದು ಅಪ್ಪ ಹಾಕಿಸಿದ್ದು ಕಣೋ" ಎಂದರು ಡಾಕ್ಟರಮ್ಮ.

"ಗೊತ್ತು ಕಣಕ್ಕ. ಯಾಕೆ ಹಾಕಿಸಿದ್ರು ಅಂತಾನೂ ಗೊತ್ತು." ಅವರು ನನ್ನ ಕಡೆ ತಿರುಗಿ, ಕೆಮ್ಮಿ, ಹೇಳಿದರು: "ನಾನು ಐದು ವರ್ಷದವನು. ತೋಟದಿಂದ ಬರುವಾಗ ತಿರುವಲ್ಲಿ ಜೀಪಿಂದ ಆಚೆ ಬಿದ್ದೋದೆ. ಅಪ್ಪ ಬ್ರೇಕ್ ಹಾಕೋ ಮುಂಚೆ ಇವ್ಳು ಹಾರಿದ್ಲು, ನನ್ನ ಎತ್ಕೊಂಡು ಓಡಿ ಬಂದ್ಲು. ಇವಳ ಸೊಂಟಕ್ಕೆ ಪೆಟ್ಟು ಬಿದ್ದಿದ್ದೂ ಆವತ್ತೇ. ಅದಾದ ಮೇಲೆ ಅಪ್ಪ ಈ ಪಟ್ಟಿ ಹಾಕ್ಸಿದ್ದು."

ನಾನು ಪಟ್ಟಿ ತೆಗೆದುಕೊಂಡು ಕೆಲಸಕ್ಕಿಳಿದೆ. ಅಂಥ ಕಾರಿಗೆ ಹೊಸ ತೂತು ಕೊರೆಯುವುದು ಪಾಪ. ಮುಂದಿನ ಗಾಜಿನ ಕಂಬದ ಬುಡದಲ್ಲಿ ಒಳಗಿನ ಕಬ್ಬಿಣಕ್ಕೆ ಬಿಗಿದ ಹಳೆಯ ಬೋಲ್ಟೊಂದಿತ್ತು. ಪಟ್ಟಿಯ ತುದಿಗೆ ಚರ್ಮ ಕೊಟ್ಟು, ನಾಲ್ಕು ಸಾಲು ಹೊಲಿದು, ಅದೇ ಬೋಲ್ಟಿಗೆ ಸಿಕ್ಕಿಸಿ ಬಿಗಿದೆ. ಇನ್ನೊಂದು ತುದಿಯನ್ನು ಕೈ ಹಿಡಿಯುವಷ್ಟು ಕುಣಿಕೆ ಮಾಡಿದೆ. ಬೇಡದಾಗ ಬಾಗಿಲ ಒಳಗೆ ಮಡಿಸಿಡಬಹುದಿತ್ತು. ನಾನೇ ನೇತಾಡಿ ಎಳೆದು ನೋಡಿದೆ. ಕದಲಲಿಲ್ಲ.

ಅಷ್ಟರಲ್ಲಿ ರಾತ್ರಿಯಾಗಿದ್ದರಿಂದ ಡಾಕ್ಟರಮ್ಮ ಕೂತು ನೋಡಲಿಲ್ಲ, ಕಾರನ್ನು ಕೆಂಪಣ್ಣನವರೇ ಮನೆಗೆ ಒಯ್ದರು. ಬುಧವಾರ ನಾನು ಅಂಗಡಿಗೆ ಬೀಗ ಹಾಕಿ ಬಸವನಗುಡಿಗೆ ಹೋದೆ. ಮಲ್ಲೇಶ್ವರದ ಹೋಟೆಲಿನವರು ಬಿಳಿ ಪಂಚೆ ಉಟ್ಟು ಬಂದಿದ್ದರು, ಒಳ್ಳೆಯ ಮನುಷ್ಯ. ಕಾರನ್ನು ದೇವರ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತುತ್ತಿದ್ದರು. ಡಾಕ್ಟರಮ್ಮ ಹೊರಗೆ ಬಂದರು. ಬಾಗಿಲು ತೆಗೆದು, ಇಳಿದು, ಕೂತರು. ಗಾಡಿ ಶುರುಮಾಡಿ ಒಂದು ಸುತ್ತು ಹೋಗಿ ಬಂದು ನಿಲ್ಲಿಸಿದರು. ಕಾಲು ಹೊರಗಿಟ್ಟರು. ಅಂಚಿಗೆ ಸರಿದರು. ಎಡಗೈ ಪಟ್ಟಿಯ ಕುಣಿಕೆ ಹಿಡಿಯಿತು. ಕೆಂಪಣ್ಣನವರ ಕೈ ಅವರಿಗೇ ಗೊತ್ತಿಲ್ಲದೆ ಮುಂದಕ್ಕೆ ಹೋಗಿತ್ತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡರು.

ಡಾಕ್ಟರಮ್ಮ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಸಾಲದು ಎಂದು ಮತ್ತೆ ಕೂತು ಮತ್ತೆ ಎದ್ದರು. ಆಮೇಲೆ ಹೋಟೆಲಿನವರಿಗೆ, "ಅಷ್ಟು ದೂರದಿಂದ ಬಂದಿದೀರ, ನೀವೂ ಒಂದ್ಸಲ ಕೂತು ನೋಡಿ" ಎಂದರು. ಅವರು ಆಸೆಯಿಂದ ಕೂತರು. ಎಡಕ್ಕೆ ವಾಲಿದರು. ಮತ್ತೆ ನೆಟ್ಟಗಾಗಿ ಮತ್ತೆ ಎಡಕ್ಕೇ ವಾಲಿದರು. ಹೊರಗೆ ಬರಲು ಕೆಂಪಣ್ಣನವರ ಭುಜ ಬೇಕಾಯಿತು.

"ಇಲ್ಲಮ್ಮ, ಈ ಸೀಟು ಬೇರೆಯವರನ್ನ ಒಪ್ಪಲ್ಲ" ಎಂದು ಪಂಚೆ ಕೊಡವಿಕೊಂಡರು. ಕೆಂಪಣ್ಣನವರು ನಕ್ಕ ನಗೆ ಆಚೆ ಬೀದಿಗೂ ಕೇಳಿರಬೇಕು. ಸೋತು ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಎಲ್ಲರಿಗೂ ಉಪ್ಪಿಟ್ಟು, ಕಾಫಿ ಆಯಿತು. ನಾನು ಜೀವಮಾನದಲ್ಲಿ ಕಟ್ಟಿದ ಅತ್ಯುತ್ತಮ ಸೀಟು ಅದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅವತ್ತಿನಿಂದ ಮರಳಿನ ಮೂಟೆ ಮತ್ತೆ ತನ್ನ ಜಾಗಕ್ಕೆ ಬಂತು. ಯಾರೇ ಬರಲಿ, ಗಂಡಸೋ ಹೆಂಗಸೋ, ಕೂರದೆ ನಾನು ಕತ್ತರಿ ಮುಟ್ಟಲಿಲ್ಲ. ಕೂರಲು ಒಪ್ಪದವರನ್ನು ಕೈಮುಗಿದು ಕಳಿಸಿದೆ. ಜೀಪಿನ ಖಾಲಿ ಕೊಕ್ಕೆಗಳನ್ನು ನೋಡಿದಾಗಲೆಲ್ಲ ಕೆಂಪಣ್ಣನವರಿಗೆ ಹೊಸ ಪಟ್ಟಿ ಹೊಲಿದುಕೊಡುತ್ತೇನೆ ಎನ್ನುತ್ತಿದ್ದೆ. ಅವರು ಒಪ್ಪುತ್ತಲೇ ಇರಲಿಲ್ಲ. "ಖಾಲಿ ಇರ್ಲಿ ಬಿಡಿ ಮೇಸ್ತ್ರಿ, ಏನೀಗ" ಎನ್ನುತ್ತಿದ್ದರು.

ಡಾಕ್ಟರಮ್ಮ ಆ ಸೀಟಿನಲ್ಲಿ ಇನ್ನೂ ಹತ್ತು ಹನ್ನೆರಡು ವರ್ಷ ಕಾರು ಓಡಿಸಿದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೂ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ತಡವಾಗುತ್ತಿತ್ತು. ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದೆ. ಒಂದು ಬೆಳಗ್ಗೆ ಕೆಂಪಣ್ಣನವರ ಜೀಪು ಬಂದು ನಿಂತಿತು. ಎಡಗಡೆ ಡಾಕ್ಟರಮ್ಮ ಕೂತಿದ್ದರು. ಅವರನ್ನು ಜೀಪಿನಲ್ಲಿ ನಾನು ಕಂಡದ್ದು ಅದೇ ಮೊದಲು. ತಮ್ಮನ ಕೈ ಹಿಡಿದು ಇಳಿದು, ನಿಧಾನವಾಗಿ ನಡೆದು ಬಂದು, ಚೀಲದಿಂದ ಆ ಪಟ್ಟಿಯನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಿಡಿದು ಹಿಡಿದು ಕುಣಿಕೆಯ ಚರ್ಮ ಕನ್ನಡಿಯ ಹಾಗೆ ನುಣುಪಾಗಿತ್ತು.

"ಸೊಂಟ ಸೋತಿಲ್ಲ, ನಿನ್ನ ಸೀಟೂ ಸೋತಿಲ್ಲ" ಎಂದರು. "ಕಣ್ಣು ಸರಿಯಾಗಿ ಕಾಣಲ್ಲ ಕಣಪ್ಪ. ಯಾರಿಗಾದ್ರೂ ಗುದ್ದೋ ಮುಂಚೆ ನಾನೇ ನಿಲ್ಲಿಸ್ಬಿಟ್ಟೆ. ಕಾರು ಕೆಂಪನ ಮಗಳಿಗೆ ಕೊಟ್ಟೆ, ಚೆನ್ನಾಗಿ ಓಡಿಸ್ತಾಳೆ. ಇದು ಮಾತ್ರ ಜೀಪಿಗೇ ವಾಪಸ್ ಹೋಗ್ಬೇಕು. ಇನ್ಮೇಲೆ ನಾನು ಅದ್ರಲ್ಲೇ ತಿರುಗಾಡೋದು. ಹತ್ತೋಕೆ ಹಿಡ್ಕೋಬೇಕಲ್ಲ."

ಕೆಂಪಣ್ಣನವರು ಹಿಂದೆ ನಿಂತು, "ಕೊನೆಗೂ ಜೀಪೇ ಮೇಲು ಅಂತ ಒಪ್ಕೊಂಡ್ಲು ಮೇಸ್ತ್ರಿ, ಬರ್ಕೊಳ್ಳಿ" ಎಂದರು.

"ಜೀಪಲ್ಲ, ಡ್ರೈವರು ಸುಮಾರಾಗಿದಾನೆ ಅಂತ ಒಪ್ಕೊಂಡೆ" ಎಂದರು ಡಾಕ್ಟರಮ್ಮ.

ಪಟ್ಟಿಯನ್ನು ಎಷ್ಟು ಉದ್ದಕ್ಕೆ ಹೊಲಿಯಬೇಕೆಂದು ಕೇಳಲು ನಾನು ತಲೆಯೆತ್ತಿದೆ. ಅವರು ಅಲ್ಲಿರಲಿಲ್ಲ. ಎಂಬತ್ತರ ಹತ್ತಿರದ ಆ ತಾಯಿ, ನಾನು ಹೇಳುವ ಮುಂಚೆಯೇ ಮೂಲೆಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು, ಮರಳಿನ ಮೂಟೆಯ ಮುಂದೆ ಕಾಯುತ್ತಿದ್ದರು.

"ಏನ್ ನೋಡ್ತಾ ನಿಂತೆ ನಂಜುಂಡಿ? ನೀರು ಹಾಕು."